ಲೂರ್ದು ಮಾತೆ ಹೇಳಿದ ‘ನೀವು’

(ಫೆಬ್ರವರಿ 11: ಲೂರ್ದು ಮಾತೆಯ ಹಬ್ಬ, ವಿಶ್ವ ರೋಗಿಗಳ ದಿನ)



1858ರ ಫೆಬ್ರವರಿ 11ರಂದು ಫ್ರಾನ್ಸ್ ದೇಶದ ಲೂರ್ದಿನಲ್ಲಿ ಸೌದೆ ಆರಿಸಲು ಹೋಗಿದ್ದ ಬರ್ನದೆತ್ ಎಂಬ ಹದಿನಾಲ್ಕರ ಬಾಲೆಗೆ ಮಾತೆ ಮರಿಯಮ್ಮನವರು ದರ್ಶನವಿತ್ತರು. ಅವಳು ಅಸ್ತಮಾ ರೋಗಿ. ಹಿಂದೆ ಸೆರೆಮನೆಯಾಗಿದ್ದ ಒಂದೇ ಕೋಣೆಯಲ್ಲಿ ಅವಳ ಮನೆಯವರೆಲ್ಲರ ವಾಸ. ಅಂಥವಳನ್ನು ಬಹುವಚನದಲ್ಲಿ ಯಾರು ಮಾತನಾಡಿಸಿಯಾರು? ಆದರೆ ಫೆಬ್ರವರಿ 18ರಂದು ಮಾತೆ ಮೊದಲ ಬಾರಿ ಮಾತನಾಡಿದಾಗ, ಅವಳ ಆಡುಭಾಷೆಯಲ್ಲೇ, ‘ನೀವು’ ಎಂದೇ ಸಂಬೋಧಿಸಿ, ಹದಿನೈದು ದಿನ ಇಲ್ಲಿಗೆ ಬರುವ ಕೃಪೆ ತೋರುವಿರಾ ಎಂದು ಕೇಳಿದರು. ಲೂರ್ದಿನ ನೀರಿನ ಬಗ್ಗೆ ನಾವು ಬಹಳ ಮಾತನಾಡುತ್ತೇವೆ. ಆ ಬುಗ್ಗೆ ಕಾಣಿಸಿಕೊಂಡದ್ದು ಫೆಬ್ರವರಿ 25ರಂದು. ನೀರು ಆಮೇಲೆ ಬಂತು. ಗೌರವದ ಮಾತು ಮೊದಲು ಬಂತು.

ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ನಮ್ಮ ಜನ ದೊಡ್ಡ ಆಪರೇಷನ್ ಎಂದರೆ ಚಾಮರಾಜನಗರಕ್ಕೋ ಮೈಸೂರಿಗೋ ಹೋಗುತ್ತಾರೆ. ಆಡು ಮಾರಿದ ಹಣವನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತುತ್ತಾರೆ. ವಾರ್ಡು ಸೇರಿದೊಡನೆ ಅವರ ಹೆಸರು ಮರೆಯಾಗುತ್ತದೆ. ‘ಹನ್ನೆರಡನೇ ಬೆಡ್’, ‘ಹರ್ನಿಯಾ ಕೇಸು’ ಎನ್ನುವುದೇ ಹೊಸ ಹೆಸರು. ಮನೆಯಲ್ಲಿ ತಮಿಳು ಮಾತನಾಡುವ ನಮ್ಮ ಕುಟುಂಬಗಳಿಗೆ, ಪೋಡಿನ ಸೋಲಿಗರಿಗೆ ಅಲ್ಲಿಯ ಮಾತೂ ಅರ್ಧಂಬರ್ಧ.

ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿದ್ದ ಕಾಡಂಚಿನ ಹಳ್ಳಿಯ ಒಬ್ಬ ತಾಯಿಯನ್ನು ಕಾಣಲು ಹೋದೆವು. ನಮಗೆ ಅವಸರ. ಬಾಗಿಲಲ್ಲೇ ‘ಯಾವ ಬೆಡ್?’ ಎಂದು ಕೇಳಿ, ಪ್ರಾರ್ಥಿಸಿ, ಆಶೀರ್ವದಿಸಿ ಹೊರಡಲು ತಿರುಗಿದೆವು. ಆಕೆ ನಮ್ಮ ಅಂಗಿಯ ತುದಿ ಹಿಡಿದು, “ಸ್ವಾಮಿ, ನಾಳೆ ನನ್ನೊಳಗಿಂದ ಏನು ತೆಗೀತಾರೆ?” ಎಂದರು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಯಾರೂ ಏನನ್ನೂ ಹೇಳಿರಲಿಲ್ಲ. ನಮಗೂ ಗೊತ್ತಿರಲಿಲ್ಲ, ಏಕೆಂದರೆ ನಾವೂ ಕೇಳಿರಲಿಲ್ಲ. ಕೆಲಸ ಮುಗಿಸಿ ಹೊರಟಿದ್ದ ಒಬ್ಬ ನರ್ಸಮ್ಮ ಮರಳಿ ಬಂದು, ಮಂಚದ ಅಂಚಿನಲ್ಲಿ ಕುಳಿತು, ಆಕೆಯ ಭಾಷೆಯಲ್ಲೇ ಎಲ್ಲವನ್ನೂ ತಿಳಿಸಿದರು. ಐದೇ ನಿಮಿಷ. ಆ ತಾಯಿಯ ಕೈ ನಡುಕ ನಿಂತಿತು. ಆ ದಿನ ಪ್ರಬೋಧನೆ ಮಾಡಿದವರು ನಾವಲ್ಲ, ಆ ನರ್ಸಮ್ಮ.

ಸಂತ ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯದಲ್ಲಿ ಒಬ್ಬ ಕಿವುಡನನ್ನು ಯೇಸುಸ್ವಾಮಿಯ ಬಳಿಗೆ ತರುತ್ತಾರೆ. ಸ್ವಾಮಿ ಅವನನ್ನು ಜನಜಂಗುಳಿಯಿಂದ ಪಕ್ಕಕ್ಕೆ ಕರೆದೊಯ್ಯುತ್ತಾರೆ. ಮಾತು ಕೇಳಿಸದವನಿಗೆ ಅರ್ಥವಾಗುವಂತೆ ಕಿವಿಯನ್ನೂ ನಾಲಿಗೆಯನ್ನೂ ಮುಟ್ಟುತ್ತಾರೆ. ಒಂದು ಮಾತಿನಿಂದಲೇ ಗುಣಪಡಿಸಬಲ್ಲವರು ಅವನೊಬ್ಬನಿಗಾಗಿ ಸಮಯ ಕೊಟ್ಟರು.

ಇದು ಬರೀ ಭಾವನೆಯ ಮಾತಲ್ಲ. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು 1964ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಟ್ಟೆಯ ಆಪರೇಷನ್ನಿಗೆ ಬಂದಿದ್ದ 97 ರೋಗಿಗಳಲ್ಲಿ ಒಂದು ಗುಂಪಿನವರಿಗೆ ಅರಿವಳಿಕೆ ವೈದ್ಯರು ನೋವು ಎಲ್ಲಿ ಬರುತ್ತದೆ, ಹೇಗೆ ಹೊರಳಬೇಕು, ಹೇಗೆ ಉಸಿರಾಡಬೇಕು ಎಂದು ಮೊದಲೇ ತಿಳಿಸಿದರು. ಆಮೇಲೂ ಬಂದು ವಿಚಾರಿಸಿದರು. ಅವರಿಗೆ ನೋವಿನ ಮದ್ದು ಸುಮಾರು ಅರ್ಧದಷ್ಟೇ ಸಾಕಾಯಿತು. ಉಳಿದವರಿಗಿಂತ ಎರಡು ದಿನಕ್ಕೂ ಮುಂಚೆ ಮನೆ ಸೇರಿದರು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯೂ, ಅರಿವಳಿಕೆ ಕೊಡುವ ಮೊದಲು ರೋಗಿ ಯಾರು, ಯಾವ ಆಪರೇಷನ್ ಎಂದು ಅವರಿಂದಲೇ ಖಚಿತಪಡಿಸಿಕೊಳ್ಳಬೇಕು ಎನ್ನುತ್ತದೆ. ಹೆಸರು ಕೇಳುವುದು ಪ್ರಾಣರಕ್ಷಣೆಯೂ ಹೌದು.

ನಮ್ಮ ನಡುವೆಯೇ ಮಾದರಿಗಳಿವೆ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಕಾಮಗೆರೆಯಲ್ಲಿ ಹೋಲಿ ಕ್ರಾಸ್ ಭಗಿನಿಯರ ಸೇವೆಯನ್ನು ಬಲ್ಲೆವು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿ ಸೋಲಿಗರ ನಡುವೆಯೇ ಬಾಳಿದರು. ಧರ್ಮ ಬೇರೆಯಾದರೂ ರೋಗಿಯ ಹತ್ತಿರ ಹೋಗುವ ಹಾದಿ ಒಂದೇ.

ಐವತ್ತು ರೋಗಿಗಳಿಗೆ ಒಬ್ಬರೇ ನರ್ಸ್ ಇರುವ ಕಡೆ ಅವರನ್ನಷ್ಟೇ ದೂರಿದರೆ ನ್ಯಾಯವಲ್ಲ. ನಾವೇನು ಮಾಡಬಲ್ಲೆವು? ಧರ್ಮಕೇಂದ್ರದ ಒಬ್ಬರಿಗೆ ಆಪರೇಷನ್ ಎಂದಾಗ, ಕಿರುಸಮುದಾಯದಿಂದ ಭಾಷೆ ಬಲ್ಲ ಒಬ್ಬರು ಜೊತೆಗೆ ಹೋಗೋಣ. ಏನು ಕಾಯಿಲೆ, ಏನು ಮಾಡುತ್ತಾರೆ, ಆಮೇಲೆ ಹೇಗಿರಬೇಕು ಎಂಬ ಮೂರು ಪ್ರಶ್ನೆಗಳನ್ನು ವೈದ್ಯರನ್ನು ವಿನಯದಿಂದ ಕೇಳೋಣ. ಗುರುಗಳನ್ನು ಮೊದಲೇ ಕರೆಯಿರಿ. ರೋಗಿಗಳ ಅಭ್ಯಂಗನ ಸಾಯುವವರಿಗಷ್ಟೇ ಎಂಬ ಭಯ ಇನ್ನೂ ಇದೆ. ಗಂಭೀರ ಕಾಯಿಲೆಗಾಗಿ ಆಪರೇಷನ್ ಆಗುವವರೂ ಅದನ್ನು ಪಡೆಯಬಹುದು. ಗುರುಗಳಾದ ನಾವು ಗಡಿಯಾರ ನೋಡದೆ ಕುಳಿತುಕೊಳ್ಳೋಣ.

1981ರ ಮೇ 13ರಂದು ಗುಂಡೇಟು ತಿಂದು, ಐದು ಗಂಟೆಗೂ ಮೀರಿದ ಶಸ್ತ್ರಚಿಕಿತ್ಸೆಯಿಂದ ಬದುಕಿದವರು ಜಗದ್ಗುರು ಎರಡನೇ ಜಾನ್ ಪಾಲರು. ಹನ್ನೊಂದು ವರ್ಷಗಳ ಬಳಿಕ, 1992ರ ಅದೇ ಮೇ 13ರಂದು, ಅವರು ಈ ರೋಗಿಗಳ ದಿನವನ್ನು ಸ್ಥಾಪಿಸಿದರು. ಬರ್ನದೆತ್ ಕೂಡ ಮುಂದೆ ನೆವೇರ್ ಕನ್ಯಾಮಠದ ಚಿಕಿತ್ಸಾಲಯದಲ್ಲಿ ರೋಗಿಗಳ ಸೇವೆ ಮಾಡಿದರು. ‘ನೀವು’ ಎನಿಸಿಕೊಂಡ ಬಾಲೆ ಇತರರ ಮಂಚದ ಬಳಿ ನಿಂತರು.

ಈ ಹೊತ್ತು ಯಾವುದೋ ವಾರ್ಡಿನಲ್ಲಿ ನಾಳೆಯ ಆಪರೇಷನ್ನಿಗೆ ಹೆದರಿ ಮಲಗಿರುವ ನಮ್ಮವರನ್ನು ಲೂರ್ದು ಮಾತೆಯ ಮಡಿಲಿಗೆ ಒಪ್ಪಿಸೋಣ. ಅವರನ್ನು ಹೆಸರು ಹಿಡಿದು ಕರೆಯುವ ಒಂದು ದನಿ ಅಲ್ಲಿರಲಿ. ಆ ದನಿ ನಮ್ಮದಾಗಲಿ. ಆಮೆನ್.