ಆಸನವಿಲ್ಲದ ಪ್ರತಿನಿಧಿ
(ಕಲ್ಪೆಟ್ಟದಲ್ಲಿ ಮಾಡಿದ ಭಾಷಣ)



ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಕುರಿತು ಮಾತನಾಡಲು ನನ್ನನ್ನು ಕರೆದಿದ್ದೀರಿ. ದೂರದ ಒಂದು ಚುನಾವಣೆಯಿಂದ ಆರಂಭಿಸುತ್ತೇನೆ.

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಜನಸಂಖ್ಯೆ 2020ರ ಗಣತಿಯಂತೆ 6,89,545. ಅಲ್ಲಿನ ವಯೋಮಿಂಗ್ ರಾಜ್ಯದಲ್ಲೂ ಇಷ್ಟು ಜನರಿಲ್ಲ. ಆದರೆ ರಾಜಧಾನಿ ಯಾವ ರಾಜ್ಯಕ್ಕೂ ಸೇರಿಲ್ಲವಾದ್ದರಿಂದ ಸಂಸತ್ತಿನ ಮೇಲ್ಮನೆಯಲ್ಲಿ ಆ ಜನರಿಗೆ ಸದಸ್ಯರೇ ಇಲ್ಲ. 1971ರಿಂದ ಕೆಳಮನೆಯಲ್ಲಿ ಒಬ್ಬ ಪ್ರತಿನಿಧಿ ಕುಳಿತಿದ್ದರೂ ಮಸೂದೆಯ ಅಂತಿಮ ಮತದಾನದಲ್ಲಿ ಅವರಿಗೆ ಮತವಿಲ್ಲ. ತೆರಿಗೆ ಮಾತ್ರ ಎಲ್ಲರಂತೆ ಕಟ್ಟಬೇಕು.

ಆದ್ದರಿಂದ 1990ರಿಂದ ಆ ಜನರು ಇನ್ನೂ ಮೂವರನ್ನು ಆರಿಸುತ್ತಿದ್ದಾರೆ: ಇಬ್ಬರು 'ನೆರಳು' ಸೆನೆಟರುಗಳು, ಒಬ್ಬ 'ನೆರಳು' ಪ್ರತಿನಿಧಿ. ಈ ಪ್ರತಿನಿಧಿಯ ಅವಧಿ ಎರಡು ವರ್ಷ. ಗೆದ್ದವರಿಗೆ ಸದನದಲ್ಲಿ ಆಸನವಿಲ್ಲ, ಸಂಬಳವೂ ಇಲ್ಲ. ನಮ್ಮ ಊರಿಗೆ ರಾಜ್ಯದ ಸ್ಥಾನ ಕೊಡಿ ಎಂದು ಸದಸ್ಯರ ಬಾಗಿಲು ತಟ್ಟುವುದೇ ಅವರ ಕೆಲಸ. ಟೆನೆಸ್ಸೀ ಪ್ರದೇಶವು 1796ರಲ್ಲಿ ರಾಜ್ಯವಾಗುವ ಮುನ್ನವೇ ಸೆನೆಟರುಗಳನ್ನು ಆರಿಸಿತ್ತು. ಅದೇ ಇವರಿಗೂ ಮಾದರಿ.

ಇದು ಬರೀ ಆಟವೇ? ಅಲ್ಲ. 2020 ಮತ್ತು 2021ರಲ್ಲಿ ಕೆಳಮನೆ ರಾಜ್ಯ ಸ್ಥಾನದ ಮಸೂದೆಯನ್ನು ಅಂಗೀಕರಿಸಿತು. ಮೇಲ್ಮನೆಯಲ್ಲಿ ಅದು ಮುಂದೆ ಸಾಗಲಿಲ್ಲ. ಕೇಳುತ್ತಲೇ ಇದ್ದುದರಿಂದ ಬೇಡಿಕೆ ಬದುಕಿ ಉಳಿಯಿತು. ಮತದ ಬಲವಿಲ್ಲದ್ದರಿಂದ ಈಡೇರಲಿಲ್ಲ.

ಈಗ ನಮ್ಮ ವಿಷಯ. 1956ರಲ್ಲಿ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಎರಡು ವಿಧಿಗಳು ಸೇರಿದವು. ಅಲ್ಪಸಂಖ್ಯಾತ ಭಾಷಾ ವರ್ಗದ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ 350-ಎ. ನಮ್ಮ ಹಕ್ಕುಗಳ ತನಿಖೆಗೆ ವಿಶೇಷಾಧಿಕಾರಿ ಇರಬೇಕೆನ್ನುತ್ತದೆ 350-ಬಿ. ಆದರೆ ಆ ಅಧಿಕಾರಿ ರಾಷ್ಟ್ರಪತಿಯವರಿಗೆ ವರದಿ ಕೊಡಬಹುದೇ ಹೊರತು ರಾಜ್ಯ ಸರಕಾರಕ್ಕೆ ಆಜ್ಞೆ ಮಾಡುವಂತಿಲ್ಲ. ಅವರದೂ ಹೆಚ್ಚುಕಡಿಮೆ ನೆರಳಿನ ಹುದ್ದೆಯೇ.

ಒಂದು ವ್ಯತ್ಯಾಸವಿದೆ. ನಮ್ಮ ಕೈಯಲ್ಲಿ ನಿಜವಾದ ಮತವಿದೆ. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವರು ಸ್ವತಂತ್ರರಾಗಿ, ಅವಿರೋಧವಾಗಿ ಆಯ್ಕೆಯಾದರು. ಕನ್ನಡಿಗರು ಒಗ್ಗಟ್ಟಾಗಿದ್ದ ಕಡೆ ಅದು ಸಾಧ್ಯವಾಯಿತು. ವಯನಾಡಿನಲ್ಲಿ ನಾವು ಚದರಿದ್ದೇವೆ. ಇಲ್ಲಿ ಅಷ್ಟು ಬಲವಿಲ್ಲ. ಹಾಗೆಂದು ಸುಮ್ಮನಿರಬೇಕಾಗಿಲ್ಲ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಕಾಸರಗೋಡಿನ ಪಾಲಕರು ಬೀದಿಗಿಳಿದುದನ್ನು ಕಂಡಿದ್ದೇವೆ. ಅಂತಹ ಪ್ರತಿಯೊಂದು ಲೋಪವೂ ದಿನಾಂಕ ಸಹಿತ ಬರಹಕ್ಕೆ ಇಳಿಯಲಿ. ಅದರ ಒಂದು ಪ್ರತಿ ವಿಶೇಷಾಧಿಕಾರಿಗೆ, ಒಂದು ಪ್ರತಿ ಶಾಸಕರಿಗೆ ಹೋಗಲಿ. ಮತ ಕೇಳಲು ಬಂದವರ ಮುಂದೆ ಅದೇ ಕಾಗದವನ್ನಿಟ್ಟು ಉತ್ತರ ಕೇಳೋಣ.

ವಾಷಿಂಗ್ಟನ್ನಿನವರು ಆಸನವಿಲ್ಲದೆಯೂ ಪ್ರತಿನಿಧಿಯನ್ನು ಆರಿಸುತ್ತಾರೆ. ಆಸನದಲ್ಲಿ ಕುಳಿತಿರುವ ಪ್ರತಿನಿಧಿಯನ್ನು ಪ್ರಶ್ನಿಸದೆ ಬಿಡುವುದು ನಮಗೆ ಶೋಭೆಯಲ್ಲ.