ಬೈಸಿಕಲ್ಲಿನ ದೂರ ಪಯಣಕ್ಕೆ ಸಿದ್ಧತೆ



ಬೈಸಿಕಲ್ಲನ್ನು ಬಡವರ ಕುದುರೆಯೆಂದು ಕರೆದರೆ ತಪ್ಪಾಗದು. ಅದಕ್ಕೆ ಹುಲ್ಲು ಬೇಡ, ಹುರುಳಿ ಬೇಡ, ಲಾಯ ಬೇಡ. ಆದರೆ ಕುದುರೆಗಿರುವ ಒಂದು ಗುಣ ಇದಕ್ಕಿಲ್ಲ. ದಣಿದ ಕುದುರೆ ತಾನಾಗಿ ನಿಂತು ಸವಾರನಿಗೆ ಬುದ್ಧಿ ಕಲಿಸುತ್ತದೆ, ಬೈಸಿಕಲ್ಲು ಕಲಿಸುವುದಿಲ್ಲ. ಇಲ್ಲಿ ಕುದುರೆಯೂ ಸವಾರನೂ ಒಬ್ಬನೇ. ಆದುದರಿಂದ ಊರುಕೇರಿಗಳಿಲ್ಲದ ನಿರ್ಜನ ಪ್ರದೇಶಗಳಲ್ಲಿ ನೂರಾರು ಮೈಲಿ ಗುಂಪಾಗಿ ಹೋಗಬೇಕೆನ್ನುವವರು ತಮ್ಮ ಬಲದ ಲೆಕ್ಕವನ್ನೂ ದಣಿವಿನ ಲೆಕ್ಕವನ್ನೂ ಹೊರಡುವ ಮೊದಲೇ ತಿಳಿದಿರಬೇಕು. ಆ ಸಿದ್ಧತೆಯನ್ನು ಕುರಿತು, ವಿಶೇಷವಾಗಿ ಬಳ್ಳಾರಿ ಸೀಮೆಯ ತರುಣ ತರುಣಿಯರಿಗೆ, ನಾಲ್ಕು ಮಾತು ಹೇಳಲು ಬಯಸುತ್ತೇನೆ.

ಇಂತಹ ಸಾಹಸ ಹೊಸದಲ್ಲ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರಸಿ ತರುಣರು ಬೈಸಿಕಲ್ಲುಗಳ ಮೇಲೆ ಭೂಪ್ರದಕ್ಷಿಣೆಗೆ ಹೊರಟರು. ಪರ್ಷಿಯಾ, ಮೆಸೊಪೊಟೇಮಿಯಾಗಳ ಮರುಭೂಮಿಗಳನ್ನು ದಾಟಿದರು. ಪ್ರದಕ್ಷಿಣೆಯನ್ನು ಪೂರೈಸಿ 1928ರಲ್ಲಿ ಮರಳಿದವರು ಆದಿ ಹಕೀಮ್, ಜಾಲ್ ಬಾಪಾಸೋಲ, ರುಸ್ತುಂ ಭುಂಗಾರ, ಈ ಮೂವರು ಮಾತ್ರ. ಹೊರಟವರೆಲ್ಲರೂ ಕೊನೆ ಮುಟ್ಟುವುದಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡು, ನಡುವೆ ಯಾರಾದರೂ ಹಿಂದಿರುಗಬೇಕಾದರೆ ಹೇಗೆಂಬುದನ್ನು ನಿಶ್ಚಯಿಸಿಕೊಂಡೇ ಗುಂಪು ಕಟ್ಟತಕ್ಕದ್ದು.

ಅದಕ್ಕೂ ಹಿಂದೆ, 1897ರಲ್ಲಿ, ಅಮೆರಿಕದ 25ನೆಯ ಕಾಲಾಳು ಪಡೆಯ ಇಪ್ಪತ್ತು ಮಂದಿ ಕಪ್ಪು ಜನಾಂಗದ ಸೈನಿಕರು ಲೆಫ್ಟಿನೆಂಟ್ ಜೇಮ್ಸ್ ಮಾಸ್ ಎಂಬವನ ಮುಂದಾಳುತನದಲ್ಲಿ ಮಿಸೂಲಾದಿಂದ ಸೇಂಟ್ ಲೂಯಿಗೆ ಸುಮಾರು 1,900 ಮೈಲಿ ದೂರವನ್ನು 41 ದಿನಗಳಲ್ಲಿ ಕ್ರಮಿಸಿದರು. ಇದರಲ್ಲಿ ನಾವು ಗಮನಿಸಬೇಕಾದುದು ಅದರ ಹಿಂದಿನ ವರ್ಷ. 1896ರಲ್ಲಿ ಅವರು ಮೊದಲು ನಾಲ್ಕು ದಿನಗಳ ಸಣ್ಣ ಪಯಣವೊಂದನ್ನು ಮಾಡಿದರು; ಅನಂತರ ಯೆಲ್ಲೋಸ್ಟೋನಿಗೆ ಹೋಗಿಬಂದರು; ದೊಡ್ಡ ಪಯಣ ಮೂರನೆಯದು. ಇಷ್ಟಾಗಿಯೂ ನೆಬ್ರಾಸ್ಕದ ಮರಳುಗುಡ್ಡಗಳಲ್ಲಿ ಕ್ಷಾರದ ನೀರನ್ನು ಕುಡಿದು ಹಲವರು ಕಾಯಿಲೆ ಬಿದ್ದರು. ಮಾಸನೂ ಅವರಲ್ಲೊಬ್ಬ.

ನಮ್ಮವರಿಗೆ ಆ ಮೊದಲ ಸಣ್ಣ ಪಯಣ ಯಾವುದು? ಮನೆಯ ಬಾಗಿಲಲ್ಲೇ ಇದೆ. ಬಳ್ಳಾರಿಯಿಂದ ಕುರುಗೋಡಿಗೆ, ಅಲ್ಲಿಂದ ಸಿರುಗುಪ್ಪಕ್ಕೆ, ಮರುದಿನ ತೆಕ್ಕಲಕೋಟೆಯ ಮೇಲೆ ಮರಳಿ ಬಳ್ಳಾರಿಗೆ. ಎಲ್ಲ ಸೇರಿ ಸುಮಾರು 125 ಕಿಲೋಮೀಟರು. ಸಿಂದರು ಆಳಿದ ಕುರುಗೋಡಿನ ಬೆಟ್ಟದ ಕೋಟೆ, ದೊಡ್ಡಬಸವೇಶ್ವರನ ಏಕಶಿಲಾ ನಂದಿ, ನವಶಿಲಾಯುಗದ ಜನ ಬಾಳಿದ ತೆಕ್ಕಲಕೋಟೆಯ ಗುಡ್ಡಗಳು, ತುಂಗಭದ್ರೆಯ ದಡ, ಇವೆಲ್ಲ ಕಣ್ಣಿಗೆ ಹಬ್ಬವೇ ಸರಿ. ಆದರೆ ಪಯಣಿಗನಿಗೆ ಈ ಸೀಮೆ ಮುಖ್ಯವಾಗಿ ಒಂದು ಪಾಠಶಾಲೆ. ಇಲ್ಲಿನ ಉಪಾಧ್ಯಾಯರು ನಾಲ್ವರು: ಮುಳ್ಳು, ಮಣ್ಣು, ಬಿಸಿಲು, ನೀರು.

ಮೊದಲನೆಯದು ಮುಳ್ಳು. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು, ಈ ಜಿಲ್ಲೆಯ ಹೆಸರನ್ನೇ ಹೊತ್ತು ನಿಂತಿರುವ ಬಳ್ಳಾರಿ ಜಾಲಿ ಟಯರಿನ ಕಡುವೈರಿ. ನೆಲಕ್ಕಂಟಿದ ನೆಗ್ಗಿಲು ಅದರ ತಮ್ಮ. ಪಂಕ್ಚರಾದಾಗ ಹೊಸ ಟ್ಯೂಬನ್ನು ತೊಡಿಸುವ ಮುಂಚೆ ಟಯರಿನ ಒಳಮೈಯನ್ನು ಸುತ್ತಲೂ ಬೆರಳಿನಿಂದ ಮೆಲ್ಲನೆ ಸವರಿ ನೋಡಬೇಕು. ಮುರಿದ ಮುಳ್ಳಿನ ಮೊನೆ ಅಲ್ಲಿಯೇ ಉಳಿದಿದ್ದರೆ ಹೊಸ ಟ್ಯೂಬೂ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಬೋಗುಣಿಯ ನೀರಿನಲ್ಲಿ ಗುಳ್ಳೆ ನೋಡಿ ತೂತು ಹುಡುಕುವುದು ಅಂಗಡಿಯ ರೂಢಿ. ನೀರಿಲ್ಲದ ಕಡೆ ಗಾಳಿ ತುಂಬಿದ ಟ್ಯೂಬನ್ನು ಕೆನ್ನೆಯ ಬಳಿ ತಿರುಗಿಸಿದರೆ ತೂತಿನ ಜಾಗ ತಿಳಿಯುತ್ತದೆ. ಟ್ಯೂಬು ಬದಲಿಸುವುದು, ಚೈನು ಜೋಡಿಸುವುದು, ಬ್ರೇಕು ಬಿಗಿಯುವುದು, ಇವು ಗುಂಪಿನ ಪ್ರತಿಯೊಬ್ಬರಿಗೂ ಬರಬೇಕು. ಒಬ್ಬನೇ ಕುಶಲನಿದ್ದು, ಅವನೇ ಕಾಯಿಲೆ ಬಿದ್ದರೆ ಗತಿಯೇನು?

ಎರಡನೆಯದು ಎರೆಮಣ್ಣು. ಒಣಗಿದಾಗ ಕಲ್ಲು, ನೆನೆದಾಗ ಅಂಟು. ಮಳೆಯಾದ ಎರೆಯ ದಾರಿಯಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರ ತಿರುಗದೆ ನಿಲ್ಲುತ್ತದೆ. ಬಲಪ್ರಯೋಗ ಮಾಡಿದರೆ ಮುರಿಯುವುದು ಯಂತ್ರ, ದಣಿಯುವುದು ದೇಹ. ನೆಲ ಆರುವ ತನಕ ಕಾಯುವುದೇ ವಿವೇಕ. ಕಾಯುವುದಕ್ಕಾಗಿಯೇ ಒಂದೆರಡು ದಿನಗಳನ್ನು ಪಯಣದ ಲೆಕ್ಕದಲ್ಲಿ ಮೀಸಲಿಡಬೇಕು.

ಮೂರನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಶಾಖ 40 ಡಿಗ್ರಿ ದಾಟುವುದು ಸಾಮಾನ್ಯ. ಆದುದರಿಂದ ಅಭ್ಯಾಸವನ್ನು ಚಳಿಗಾಲದಲ್ಲಿ ಆರಂಭಿಸಿ, ಬಿಸಿಲಿಗೆ ಮೈಯನ್ನು ಕ್ರಮಕ್ರಮವಾಗಿ ಒಗ್ಗಿಸತಕ್ಕದ್ದು. ಬೆಳಗಿನ ಜಾವ ಹೊರಟು, ಹತ್ತು ಗಂಟೆಗೆ ನೆರಳು ಸೇರಿ, ಇಳಿಹೊತ್ತಿನಲ್ಲಿ ಮತ್ತೆ ಸಾಗುವುದು ಲೇಸು. ಜೊತೆಗಾರನ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಅದನ್ನು ಆಲಸ್ಯವೆಂದು ಹಾಸ್ಯ ಮಾಡಬೇಡಿ. ಅದು ಪ್ರಾಣಾಪಾಯದ ಸೂಚನೆ. ಒಡನೆಯೇ ನೆರಳಿಗೆ ಒಯ್ದು, ಮೈಗೆಲ್ಲ ನೀರು ಸುರಿದು, ಗಾಳಿ ಬೀಸುತ್ತ, ವೈದ್ಯರಲ್ಲಿಗೆ ಸಾಗಿಸಬೇಕು.

ನಾಲ್ಕನೆಯದು, ಎಲ್ಲಕ್ಕೂ ಮಿಗಿಲಾದದ್ದು, ನೀರು. ಕುಡಿಯುವುದಕ್ಕೂ ಅಡುಗೆಗೂ ಸೇರಿ ಬಿಸಿಲಿನ ದಿನ ಒಬ್ಬರಿಗೆ ಆರು ಲೀಟರೆಂದು ಹಿಡಿಯೋಣ. ಎಂಟು ಮಂದಿಗೆ 48 ಲೀಟರು, ಎಂದರೆ 48 ಕಿಲೋಗ್ರಾಂ ಭಾರ. ಎರಡು ದಿನ ನೀರು ಸಿಕ್ಕದ ದಾರಿಯಾದರೆ 96. ಆದುದರಿಂದ ನಿರ್ಜನ ನಾಡಿನಲ್ಲಿ ದಾರಿಯನ್ನು ಗೊತ್ತುಮಾಡುವುದು ನಮ್ಮ ಆಸೆಯಲ್ಲ, ನೀರಿನ ನೆಲೆಗಳು. ಸಿರುಗುಪ್ಪದ ಕಡೆ ಕಾಲುವೆಗಳೂ ಗದ್ದೆಗಳೂ ಕಣ್ತುಂಬ ನೀರು ತೋರುತ್ತವೆ. ಅದನ್ನು ನಂಬಬಾರದು. ಗದ್ದೆಗೆ ಹಾಕಿದ ಔಷಧ ಕಾಸಿದರೂ ಸೋಸಿದರೂ ಹೋಗದು. ನೆಬ್ರಾಸ್ಕದ ಪಾಠ ಇಲ್ಲಿಗೂ ಸಲ್ಲುತ್ತದೆ. ಬೇಧಿಯಾದರೆ ಒಂದು ಲೀಟರು ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರಸಿ ಗುಟುಕುಗುಟುಕಾಗಿ ಕುಡಿಸುವುದು.

ಆಹಾರದ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಪುಟಾಣಿ. ಇವು ಹಗುರ, ಬಹುದಿನ ಕೆಡವು. ನಮ್ಮ ಅಜ್ಜಿಯರ ಬುತ್ತಿಗಿಂತ ಉತ್ತಮವಾದ ದಾರಿಯೂಟ ವಿರಳ.

ಇಷ್ಟೆಲ್ಲ ಸಾಮಗ್ರಿ ಕೂಡಿಸಿದ ಮೇಲೆಯೂ ಗುಂಪಿನಲ್ಲಿ ಗುಂಪುತನ ಇಲ್ಲದಿದ್ದರೆ ಸಕಲವೂ ವ್ಯರ್ಥ. ಎದುರುಗಾಳಿಯಲ್ಲಿ ಗುಂಪಾಗಿ ಹೋಗಿ ನೋಡಿ. ಮುಂದಿನವನ ಬೆನ್ನಿಗೆ ಸೇರಿ ಬರುವವನಿಗೆ ಶ್ರಮ ಬಹಳ ಕಡಮೆ. ಬಲವುಳ್ಳವರು ಸರದಿಯಂತೆ ಮುಂದೆ ನಿಂತು ಗಾಳಿ ತಡೆದರೆ ದುರ್ಬಲನೂ ಊರು ಮುಟ್ಟುತ್ತಾನೆ. ಅವರು ತಮ್ಮ ಚುರುಕು ತೋರಿಸಲು ಓಡಿಹೋದರೆ ಅವನು ಒಂಟಿಯಾಗುತ್ತಾನೆ. ಕೈಯಲ್ಲಿನ ಫೋನು ಮೂಕವಾಗುವ ಜಾಗದಲ್ಲಿ ಒಂಟಿಯಾಗುವುದೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಎಲ್ಲರಿಗಿಂತ ನಿಧಾನವಾಗಿ ಹೋಗುವವನ ವೇಗವೇ ಗುಂಪಿನ ವೇಗ. ಅನುಭವಿಯೊಬ್ಬ ಕೊನೆಯಲ್ಲೇ ಬರಬೇಕು. ಅವನ ಹಿಂದೆ ಯಾರೂ ಉಳಿಯಕೂಡದು. ಕವಲುದಾರಿ ಬಂದಲ್ಲಿ ಎಲ್ಲರೂ ಸೇರುವ ತನಕ ನಿಲ್ಲಬೇಕು.

ಕಡೆಯ ಮಾತು. ಎಲ್ಲಿಗೆ ಹೋಗುತ್ತೇವೆಂಬುದರ ಜೊತೆಗೆ, ಯಾವ ಸಂದರ್ಭದಲ್ಲಿ ಹಿಂದಿರುಗುತ್ತೇವೆಂಬುದನ್ನೂ ಮನೆಯಲ್ಲೇ ಕುಳಿತು ಬರೆದಿಡಿ. ಅದರ ಪ್ರತಿಯೊಂದನ್ನು ಹಿರಿಯರ ಕೈಗೆ ಕೊಡಿ. ನೀರು ಅರ್ಧಕ್ಕಿಳಿದು ಮುಂದಿನ ನೆಲೆ ಖಚಿತವಿಲ್ಲದಿದ್ದರೆ, ಒಬ್ಬರಿಗೆ ಜ್ವರ ಬಂದರೆ, ಮರಳುವುದು. ದಣಿದ ಮನಸ್ಸು ದಾರಿಯಲ್ಲಿ ಮಾಡುವ ತೀರ್ಮಾನವನ್ನು ನಂಬಲಾಗದು. ಎಂಟು ಮಂದಿ ಹೋಗಿ ಎಂಟು ಮಂದಿಯೂ ಅರ್ಧದಾರಿಯಿಂದ ಮರಳಿದರೆ ಅದು ಸೋಲಲ್ಲ. ಏಳು ಮಂದಿ ಗುರಿ ಮುಟ್ಟಿ ಬಂದರೆ ಅದು ಗೆಲುವೂ ಅಲ್ಲ. ಈ ಲೆಕ್ಕವನ್ನು ಮನಗಂಡವರಿಗೆ ಬೆಟ್ಟವೂ ಮರುಭೂಮಿಯೂ ದಾರಿ ಬಿಟ್ಟಾವು.