ರೋಗಾಣುಗಳ ಕುಲಭೇದ



ಹಿಂದಿನ ಕಾಲದಲ್ಲಿ ಚಿತ್ರದುರ್ಗದ ಸೀಮೆಯ ಹಳ್ಳಿಗಳಲ್ಲಿ ಒಂದೇ ಬೀದಿಯ ನಾಲ್ಕಾರು ಜನ ಒಟ್ಟಿಗೆ ಹಾಸಿಗೆ ಹಿಡಿದರೆ, ಊರಿಗೆ ಮಾರಿ ಹೊಕ್ಕಳೆಂದು ಹೇಳುತ್ತಿದ್ದರು. ಸಿಡುಬು ಬಂದರೂ ಅಮ್ಮ, ಕಾಲರಾ ಬಂದರೂ ಅಮ್ಮ, ಪ್ಲೇಗು ಬಂದರೂ ಅಮ್ಮ. ಈಗಿನ ಜನರು ಹಾಗೆನ್ನುವುದು ಕಡಮೆ. ಅದರ ಬದಲು ಎಲ್ಲಕ್ಕೂ 'ವೈರಸ್' ಎಂದೋ 'ಇನ್‌ಫೆಕ್ಷನ್' ಎಂದೋ ಹೇಳುತ್ತಾರೆ. ಹೆಸರು ಬದಲಾಯಿತೇ ಹೊರತು, ಭಿನ್ನವಾದವುಗಳನ್ನು ಒಂದೇ ಎಂದೆಣಿಸುವ ಅಭ್ಯಾಸವು ಬದಲಾಗಲಿಲ್ಲ. ಈ ಅಭ್ಯಾಸದಿಂದ ಹಣವೂ ಕೆಲವೊಮ್ಮೆ ಪ್ರಾಣವೂ ಹೋಗುತ್ತವೆ. ಏಕೆಂದರೆ ಒಂದು ಕುಲದ ರೋಗಾಣುವನ್ನು ಕೊಲ್ಲುವ ಔಷಧವು ಇನ್ನೊಂದು ಕುಲದ ಮೇಲೆ ನಡೆಯುವುದಿಲ್ಲ. ಆದಕಾರಣ ಈ ಕುಲಗಳು ಯಾವುವು, ಅವುಗಳನ್ನು ಬೇರ್ಪಡಿಸಿ ಗುರುತಿಸುವ ಬಗೆ ಹೇಗೆ ಎಂಬುದನ್ನು ಈ ಸೀಮೆಯ ನಿದರ್ಶನಗಳಿಂದಲೇ ವಿವರಿಸಲು ನಾವು ಯತ್ನಿಸುತ್ತೇವೆ.

ರೋಗಕಾರಕ ಜೀವಿಗಳನ್ನು ಸ್ಥೂಲವಾಗಿ ಐದು ಬಗೆಯಾಗಿ ವಿಂಗಡಿಸಬಹುದು: ಬ್ಯಾಕ್ಟೀರಿಯ, ವೈರಸ್, ಪ್ರೋಟೋಜೋವ ಎಂಬ ಏಕಕೋಶದ ಪ್ರಾಣಿಗಳು, ಶಿಲೀಂಧ್ರ ಅಥವಾ ಬೂಷ್ಟು, ಮತ್ತು ಜಂತುಹುಳುಗಳು.

ಮೊದಲನೆಯದು ಬ್ಯಾಕ್ಟೀರಿಯ. ಇದು ಒಂದೇ ಕೋಶದ ಸ್ವತಂತ್ರ ಜೀವಿ; ಆಹಾರ ಸಿಕ್ಕಿದಲ್ಲಿ ತಾನೇ ಬೆಳೆದು, ತಾನೇ ಎರಡಾಗಿ ಒಡೆದು ವೃದ್ಧಿಹೊಂದುತ್ತದೆ. ಒಂದು ರಾಗಿಕಾಳಿನ ಅಗಲದಲ್ಲಿ ಸಾವಿರ ಬ್ಯಾಕ್ಟೀರಿಯಗಳನ್ನು ಸಾಲಾಗಿ ನಿಲ್ಲಿಸಬಹುದೆಂದರೆ ಅದರ ಗಾತ್ರವನ್ನು ಊಹಿಸಿಕೊಳ್ಳಬಹುದು. ಕಾಲರಾ, ವಿಷಮಶೀತಜ್ವರ, ಕ್ಷಯ, ಪ್ಲೇಗು ಇವೆಲ್ಲವೂ ಈ ಕುಲದ ಕೃತ್ಯಗಳು. ಮೈಸೂರು ಸಂಸ್ಥಾನಕ್ಕೆ 1898ರಲ್ಲಿ ಪ್ಲೇಗು ಕಾಲಿಟ್ಟಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. ಅದರ ಅಣುವನ್ನು ಯೆರ್ಸಿನ್ ಎಂಬಾತನು ಅದಕ್ಕೆ ನಾಲ್ಕು ವರ್ಷ ಮುಂಚೆಯೇ, 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಇಲಿಯ ಮೈಮೇಲಿನ ಚಿಗಟವು ಅದನ್ನು ಮನುಷ್ಯನಿಗೆ ದಾಟಿಸುತ್ತದೆ. ಊರು ಬಿಟ್ಟವರಲ್ಲಿ ಅನೇಕರು ಉಳಿದುದಕ್ಕೆ ಕಾರಣ, ಇಲಿಯೂ ಚಿಗಟವೂ ಹಿಂದುಳಿದುದೇ.

ಹಿರಿಯೂರು, ಹೊಸದುರ್ಗದ ಕುರಿಗಾಹಿಗಳಿಗೆ ನೆರಡಿ ರೋಗದ ಪರಿಚಯವಿರುವುದು. ಇದೂ ಬ್ಯಾಕ್ಟೀರಿಯದಿಂದಲೇ ಬರುವುದು. 1876ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯನು ಒಂದು ನಿರ್ದಿಷ್ಟ ಅಣುವೇ ಒಂದು ನಿರ್ದಿಷ್ಟ ರೋಗಕ್ಕೆ ಕಾರಣವೆಂದು ಸಿದ್ಧಪಡಿಸಿ ತೋರಿಸಿದುದು ಇದೇ ನೆರಡಿಯ ವಿಷಯದಲ್ಲಿ. ಈ ಅಣುವು ಗಾಳಿ ಸೋಕಿದರೆ ಗಟ್ಟಿಯಾದ ಕವಚ ತೊಟ್ಟು ಮಣ್ಣಿನಲ್ಲಿ ದಶಕಗಳ ಕಾಲ ಕಾದಿರಬಲ್ಲುದು. ಆದುದರಿಂದ ನೆರಡಿಯಿಂದ ಸತ್ತ ಕುರಿಯ ಚರ್ಮ ಸುಲಿಯಕೂಡದು, ಮಾಂಸ ತಿನ್ನಕೂಡದು. ಪಶುವೈದ್ಯರ ಸಲಹೆಯಂತೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಅದೇ ಮಂದೆಗೆ ತಗಲುವ ಕಾಲುಬಾಯಿ ಜ್ವರವೂ ಕುರಿಸಿಡುಬೂ ಬ್ಯಾಕ್ಟೀರಿಯದಿಂದ ಬರುವುವಲ್ಲ. ಅವು ಎರಡನೆಯ ಕುಲದವು.

ಆ ಎರಡನೆಯ ಕುಲವೇ ವೈರಸ್. ಇದರ ಗಾತ್ರ ಬಹುಮಟ್ಟಿಗೆ ಬ್ಯಾಕ್ಟೀರಿಯದ ಹತ್ತನೆಯ ಒಂದು ಪಾಲು, ಅಥವಾ ಅದಕ್ಕೂ ಕಡಮೆ. ಸಾಧಾರಣ ಸೂಕ್ಷ್ಮದರ್ಶಕಕ್ಕೆ ಇದು ಗೋಚರವಾಗದು. 1892ರಲ್ಲಿ ರಷ್ಯದ ಇವನೋವ್‌ಸ್ಕಿಯು ರೋಗ ಹಿಡಿದ ಹೊಗೆಸೊಪ್ಪಿನ ರಸವನ್ನು ಬ್ಯಾಕ್ಟೀರಿಯ ನುಸುಳಲಾರದ ಶೋಧಕದಲ್ಲಿ ಸೋಸಿದನು. ಸೋಸಿದ ರಸವೂ ಆರೋಗ್ಯವಾದ ಗಿಡಕ್ಕೆ ರೋಗ ತಂದಿತು. ಬ್ಯಾಕ್ಟೀರಿಯಕ್ಕಿಂತ ಕಿರಿದಾದುದೊಂದು ಇದೆಯೆಂಬುದಕ್ಕೆ ಅದೇ ಮೊದಲ ಸುಳಿವು. ವೈರಸ್ಸಿಗೆ ಸ್ವಂತ ಜೀವನವಿಲ್ಲ. ಇನ್ನೊಬ್ಬರ ಮನೆ ಹೊಕ್ಕು, ಅವರ ಒಲೆಯಲ್ಲಿಯೇ ತನ್ನ ಅಡಿಗೆ ಮಾಡಿಕೊಳ್ಳುವವನಂತೆ, ಅದು ನಮ್ಮ ಕೋಶದೊಳಗೆ ನುಗ್ಗಿ ಅಲ್ಲಿಯ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯದ ಗೋಡೆಯನ್ನು ಒಡೆಯುವ ಪೆನಿಸಿಲಿನ್ ವೈರಸ್ಸಿನ ಮೇಲೆ ನಿಷ್ಫಲವಾಗುವುದು ಇದರಿಂದಲೇ. ಅಲ್ಲಿ ಒಡೆಯುವುದಕ್ಕೆ ಗೋಡೆಯೇ ಇಲ್ಲ. ನೆಗಡಿ, ದಡಾರ, ಡೆಂಗಿ, ಚಿಕೂನ್‌ಗುನ್ಯ, ಹುಚ್ಚುನಾಯಿಯ ರೋಗ, 2020ರಲ್ಲಿ ಲೋಕವನ್ನೇ ಮನೆಯೊಳಗೆ ಕೂಡಿಹಾಕಿದ ಕೋವಿಡ್, ಇವು ಈ ಕುಲದವು. ಸಿಡುಬೂ ಇದರದೇ, ಆದರೆ ದೇವಿಹಾಕಿಸುವ ಕಾರ್ಯವು ಲೋಕದಲ್ಲೆಲ್ಲ ನಡೆದುದರಿಂದ ಅದು ಭೂಮಿಯಿಂದಲೇ ತೊಲಗಿತೆಂದು 1980ರಲ್ಲಿ ಘೋಷಿಸಲಾಯಿತು.

ಮೂರನೆಯ ಕುಲವಾದ ಪ್ರೋಟೋಜೋವದ ಕಥೆಯನ್ನು ಹೇಳಲು ಹಿರಿಯೂರಿಗಿಂತ ತಕ್ಕ ಸ್ಥಳವಿಲ್ಲ. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ಒಣಭೂಮಿಗೆ ನಾಲೆಯ ನೀರು ಬಂದು ತೋಟಗಳೆದ್ದುವು. ಆದರೆ ನೀರಾವರಿಯ ಪ್ರದೇಶಗಳಲ್ಲಿ ಎಲ್ಲೆಡೆಯೂ ಕಂಡುಬರುವಂತೆ, ನೀರಿನ ಹಿಂದೆಯೇ ಚಳಿಜ್ವರವೂ ಬಂದಿತು. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಪರಿಶೀಲನೆಗೆಂದು ಆರಿಸಿಕೊಂಡ ಸ್ಥಳಗಳಲ್ಲಿ ಮೂಡಿಗೆರೆ, ನಗೇನಹಳ್ಳಿಗಳ ಜೊತೆಗೆ ಹಿರಿಯೂರೂ ಒಂದು. ಮಲೇರಿಯಾದ ಜೀವಿಯನ್ನು ರೋಗಿಯ ರಕ್ತದಲ್ಲಿ 1880ರಲ್ಲಿ ಕಂಡವನು ಲಾವೆರಾನ್. ಅದು ಸೊಳ್ಳೆಯೊಳಗೆ ಬೆಳೆಯುವುದನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡವನು ರೊನಾಲ್ಡ್ ರಾಸ್.

ಈ ಒಂದು ಕುಲದೊಳಗೂ ಒಳಭೇದಗಳಿವೆ. ವೈವಾಕ್ಸ್ ಎಂಬುದು ದಿನ ಬಿಟ್ಟು ದಿನ ನಡುಕ ತರುತ್ತದೆ. ಕೊಲ್ಲುವುದು ಕಡಮೆ, ಆದರೆ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮತ್ತೆ ತಲೆಯೆತ್ತುತ್ತದೆ. ಫಾಲ್ಸಿಪಾರಮ್ ಎಂಬುದು ಮಿದುಳಿಗೆ ತಗಲಿ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲುದು. ಎರಡಕ್ಕೂ ಔಷಧಕ್ರಮ ಬೇರೆ. ರಕ್ತದ ಒಂದು ತೊಟ್ಟನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡದೆ ಯಾವ ವೈದ್ಯನೂ ಇದನ್ನು ಖಂಡಿತವಾಗಿ ಹೇಳಲಾರನು.

ಇಲ್ಲಿಯೇ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಮಲೇರಿಯಾ, ಡೆಂಗಿ ಎರಡನ್ನೂ ಸೊಳ್ಳೆಯೇ ತರುವುದರಿಂದ ಅವೆರಡೂ ಒಂದೇ ಬಗೆಯ ರೋಗವೆಂದು ಅನೇಕರು ಭಾವಿಸುತ್ತಾರೆ. ವಾಹನ ಒಂದೇ ಜಾತಿಯದಾದ ಮಾತ್ರಕ್ಕೆ ಸವಾರನೂ ಒಬ್ಬನೇ ಆಗಬೇಕಿಲ್ಲ. ಮಲೇರಿಯಾ ತರುವ ಅನಾಫಿಲಿಸ್ ಸೊಳ್ಳೆ ರಾತ್ರಿ ಕಚ್ಚುತ್ತದೆ. ಈ ಸೀಮೆಯಲ್ಲಿ ನಾಲೆ, ಹಳ್ಳ, ಬಾವಿಗಳಲ್ಲಿ ಮೊಟ್ಟೆಯಿಡುತ್ತದೆ. ಡೆಂಗಿ ತರುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ. ಮನೆಯ ತೊಟ್ಟಿ, ಡ್ರಮ್ಮು, ಒಡೆದ ಗಡಿಗೆಗಳ ನಿಂತ ನೀರೇ ಅದಕ್ಕೆ ತವರು. ಮಳೆ ಕಡಮೆಯಾದ ಈ ಜಿಲ್ಲೆಯಲ್ಲಿ ನೀರನ್ನು ಕೂಡಿಡುವುದು ಅನಿವಾರ್ಯ. ಆದುದರಿಂದ ಬರಗಾಲದಲ್ಲಿಯೂ ಡೆಂಗಿ ಬರಬಲ್ಲುದು. ತೊಟ್ಟಿಗೆ ಮುಚ್ಚಳ ಹಾಕಿ, ವಾರಕ್ಕೊಮ್ಮೆ ಬರಿದುಮಾಡಿ ತಿಕ್ಕಿ ಒಣಗಿಸಿದರೆ ಈ ಶತ್ರುವಿನ ಅರ್ಧಬಲ ಮುರಿಯುತ್ತದೆ.

ನಾಲ್ಕನೆಯದು ಶಿಲೀಂಧ್ರ. ಚರ್ಮದ ಮೇಲೆ ಬಳೆಯಾಕಾರದಲ್ಲಿ ಹಬ್ಬಿ ತುರಿಸುವ ರೋಗಕ್ಕೆ ನಮ್ಮ ಜನರು ಹುಳುಕಡ್ಡಿ ಎಂದು ಹೆಸರಿಟ್ಟಿದ್ದಾರೆ. ಹೆಸರಿನಲ್ಲಿ ಹುಳುವಿದೆ, ರೋಗದಲ್ಲಿಲ್ಲ. ಅದು ಹಳೆಯ ರೊಟ್ಟಿಗೆ ಹತ್ತುವ ಬೂಷ್ಟಿನ ಬಂಧು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮಿನಿಂದ ತುರಿಕೆಯು ನಾಲ್ಕು ದಿನ ತಣಿದು, ರೋಗವು ಮತ್ತಷ್ಟು ಹಬ್ಬುತ್ತದೆ. ಶೇಂಗಾ ಬೆಳೆಯುವ ರೈತರು ಇನ್ನೊಂದು ಬೂಷ್ಟನ್ನೂ ನೆನಪಿನಲ್ಲಿಡತಕ್ಕದ್ದು: ಸರಿಯಾಗಿ ಒಣಗದ ಕಾಯಿಯ ಮೇಲೆ ಬೆಳೆಯುವ ಹಸುರು ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಕಾರುತ್ತದೆ, ಅದು ಯಕೃತ್ತಿಗೆ ಕೇಡು.

ಐದನೆಯದು ಜಂತುಹುಳು. ಇವು ಬೆಳೆದಾಗ ಕಣ್ಣಿಗೆ ಕಾಣುವುವಾದರೂ ದೇಹವನ್ನು ಹೊಗುವಾಗ ಅತಿ ಸೂಕ್ಷ್ಮವಾಗಿರುತ್ತವೆ. ಕರ್ನಾಟಕದ ಬಯಲುಸೀಮೆಯಲ್ಲಿ ಒಂದು ಕಾಲಕ್ಕೆ ಜನರನ್ನು ಕಾಡಿದ ನಾರುಹುಣ್ಣು ಇದಕ್ಕೆ ಸಾಕ್ಷಿ. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಲ್ಲಿ ರೋಗಿಯ ಕಾಲಿನ ಹುಣ್ಣಿನಿಂದ ಮರಿಗಳು ನೀರಿಗೆ ಸೇರಿ, ನೀರಿನ ಸಣ್ಣ ಕೀಟಗಳನ್ನು ಹೊಕ್ಕು, ಆ ನೀರನ್ನು ಕುಡಿದವರ ಮೈಯಲ್ಲಿ ವರುಷ ತುಂಬುವ ಹೊತ್ತಿಗೆ ಮೊಳಗಟ್ಟಲೆ ದಾರದಂತೆ ಬೆಳೆಯುತ್ತಿದ್ದುವು. ಬಟ್ಟೆಯಲ್ಲಿ ಸೋಸಿ ಕುಡಿಯುವುದರಿಂದಲೂ ಬಾವಿಗಳನ್ನು ತಿದ್ದಿದುದರಿಂದಲೂ ಈ ರೋಗವು ಭಾರತದಿಂದ ತೊಲಗಿತೆಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮನ್ನಿಸಿತು. ಆದರೆ ಆ ಕೀಟವನ್ನು ತಡೆದ ಬಟ್ಟೆಯು ಬ್ಯಾಕ್ಟೀರಿಯವನ್ನು ತಡೆಯುವುದೆಂದು ನಂಬುವಂತಿಲ್ಲ. ಅದಕ್ಕೆ ನೀರನ್ನು ಕುದಿಸಲೇ ಬೇಕು, ಇಲ್ಲವೇ ಕ್ಲೋರಿನ್ ಬೆರಸಬೇಕು. ಕುಲವನ್ನರಿತರೆ ಉಪಾಯವೂ ತಿಳಿಯುತ್ತದೆ.

ಲಕ್ಷಣಗಳನ್ನು ನೋಡಿಯೇ ಕುಲವನ್ನು ಹೇಳಬಹುದಲ್ಲವೇ ಎಂದು ಕೆಲವರು ಕೇಳಬಹುದು. ಅನೇಕ ವೇಳೆ ಸಾಧ್ಯವಿಲ್ಲ. ರಕ್ತಭೇದಿಯು ಬ್ಯಾಕ್ಟೀರಿಯದಿಂದಲೂ ಬರಬಹುದು, ಅಮೀಬಾ ಎಂಬ ಪ್ರೋಟೋಜೋವದಿಂದಲೂ ಬರಬಹುದು. ಔಷಧ ಮಾತ್ರ ಬೇರೆ. 2023ರ ಆಗಸ್ಟಿನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಬಹುಮಂದಿ ವಾಂತಿಭೇದಿಯಿಂದ ನರಳಿದರು; ಕೆಲವರು ತೀರಿಕೊಂಡರು. ಯಾರೋ ವಿಷ ಬೆರಸಿದರೆಂಬ ಶಂಕೆಯೂ ಆಗ ಎದ್ದಿತು. ಇಂಥ ಸಮಯದಲ್ಲಿ ಜನರ ಬಾಯಿಮಾತು ನಿರ್ಣಯವಾಗದು. ಮಲವನ್ನೂ ನೀರನ್ನೂ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರೆ ಮಾತ್ರ ವಿಷವೋ ರೋಗಾಣುವೋ, ರೋಗಾಣುವಾದರೆ ಯಾವುದು ಎಂಬುದು ತಿಳಿಯಬಹುದು. ನೆರೆಹೊರೆಯವರು ಒಬ್ಬರನ್ನೊಬ್ಬರು ಸಂಶಯಿಸುವುದು ತಪ್ಪುವುದೂ ಅದರಿಂದಲೇ.

ಪ್ರಯೋಗಶಾಲೆಯ ಕ್ರಮಗಳು ಹಲವು. 1884ರಲ್ಲಿ ಡೆನ್ಮಾರ್ಕಿನ ಗ್ರಾಮ್ ಎಂಬಾತನು ಕಂಡುಹಿಡಿದ ಬಣ್ಣದ ವಿಧಾನದಿಂದ ಬ್ಯಾಕ್ಟೀರಿಯಗಳಲ್ಲಿ ಕೆಲವು ನೇರಿಳೆಯಾಗಿಯೂ ಕೆಲವು ಕೆಂಪಾಗಿಯೂ ಕಾಣುತ್ತವೆ. ಅವುಗಳನ್ನು ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತವೆಂಬುದನ್ನೂ ನೋಡಬಹುದು. ಕ್ಷಯಕ್ಕೆ ಕಫದ ಪರೀಕ್ಷೆ, ಮಲೇರಿಯಾಕ್ಕೆ ರಕ್ತ, ಹುಳುಕಡ್ಡಿಗೆ ಕೆರೆದ ಚರ್ಮ, ಜಂತುಹುಳುವಿಗೆ ಮಲದಲ್ಲಿಯ ಮೊಟ್ಟೆ, ವೈರಸ್ಸಿಗೆ ಅದರ ಬೀಜದ್ರವ್ಯವನ್ನೇ ಹಿಡಿಯುವ ಪಿ.ಸಿ.ಆರ್. ಪರೀಕ್ಷೆ.

ಇದರಿಂದ ಗೃಹಸ್ಥರು ಗ್ರಹಿಸಬೇಕಾದುದು ಮೂರು ಮಾತು. ಮೊದಲನೆಯದು: ಜ್ವರ ಬಂದರೆ ಔಷಧದ ಅಂಗಡಿಗೆ ಹೋಗುವ ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸತಕ್ಕದ್ದು. ಎರಡನೆಯದು: ನೆಗಡಿಗೆ ಆಂಟಿಬಯಾಟಿಕ್ ಗುಳಿಗೆ ನುಂಗಕೂಡದು, ಬ್ಯಾಕ್ಟೀರಿಯದ ರೋಗಕ್ಕೆ ವೈದ್ಯರು ಕೊಟ್ಟುದನ್ನು ಅರ್ಧಕ್ಕೆ ನಿಲ್ಲಿಸಲೂಕೂಡದು. ಬೇಡದ ಕಡೆ ಬಳಸಿದುದರಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳು ಹುಟ್ಟಿ, ನಾಳೆ ನಮ್ಮ ಮಕ್ಕಳ ನ್ಯುಮೋನಿಯಾಕ್ಕೆ ಮದ್ದೇ ಇಲ್ಲದಂತಾದೀತು. ಮೂರನೆಯದು: ವಾಂತಿಭೇದಿಯಲ್ಲಿ ಮಾತ್ರ, ಕುಲ ತಿಳಿಯುವವರೆಗೆ ಕಾಯದೆ, ಮೊದಲು ನೀರು ಕುಡಿಸಬೇಕು. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಸಣ್ಣ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರಸಿ ಗುಟುಕು ಗುಟುಕಾಗಿ ಕೊಡುತ್ತ ಆಸ್ಪತ್ರೆಗೆ ಸಾಗಿಸಬೇಕು. ರೋಗಾಣು ಯಾವುದೇ ಆಗಲಿ, ಮೊದಲು ಕೊಲ್ಲುವುದು ದೇಹದ ನೀರು ಬತ್ತುವುದೇ.

ಶತ್ರುವು ಯಾವ ದಿಕ್ಕಿನಿಂದ ಬರುವನೆಂಬುದನ್ನು ಅರಿತು ಏಳು ಸುತ್ತಿನ ಕೋಟೆ ಕಟ್ಟಿದವರ ಊರು ಚಿತ್ರದುರ್ಗ. ಆ ಎಚ್ಚರವು ಕಣ್ಣಿಗೆ ಕಾಣದ ಶತ್ರುಗಳ ವಿಷಯದಲ್ಲಿಯೂ ಈ ಸೀಮೆಯ ಮನೆಮನೆಯಲ್ಲಿ ನೆಲಸಲೆಂದು ಹಾರೈಸಿ ನಾವು ಮಾತನ್ನು ಮುಗಿಸುತ್ತೇವೆ.